ಹೊಲದ ದಾರಿಗೆ ಗಾಲಿಕುರ್ಚಿ: ಅಳತೆ ಕೊಟ್ಟು ತರಿಸಿ

ನೊಗ ಸರಿಯಾಗಿ ಕೂರದಿದ್ದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಇದು ನಮಗೆಲ್ಲ ಗೊತ್ತಿದ್ದದ್ದೇ. ಆದರೆ ಮನುಷ್ಯ ಬೆಳಗಿನಿಂದ ಸಂಜೆತನಕ ಕೂರುವ ಗಾಲಿಕುರ್ಚಿಯನ್ನು ಮಾತ್ರ ಅಳತೆ ನೋಡದೆ ತಂದುಬಿಡುತ್ತೇವೆ. ಮರದಿಂದ ಬಿದ್ದು, ಟ್ರ್ಯಾಕ್ಟರ್ ಮಗುಚಿ ಬೆನ್ನುಹುರಿಗೆ ಪೆಟ್ಟಾದವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಇಂಥವರಲ್ಲಿ ಎಷ್ಟೋ ಜನಕ್ಕೆ ಸೊಂಟದ ಕೆಳಗೆ ಮುಟ್ಟಿದರೂ ತಿಳಿಯುವುದಿಲ್ಲ. ಕೂತಲ್ಲೇ ಹುಣ್ಣಾದರೂ ನೋವಿರುವುದಿಲ್ಲ. ಹುಣ್ಣು ಎಲುಬಿನ ತನಕ ಇಳಿದು ನಂಜೇರಿದರೆ ಜೀವಕ್ಕೇ ಸಂಚಕಾರ.

ನಮ್ಮ ಮನೆಯಲ್ಲೇ ಒಬ್ಬನಿದ್ದಾನೆ, ನನ್ನ ತಮ್ಮನ ಮಗ. ಹುಣಸೆ ಬಡಿಯಲು ಹತ್ತಿ ಬಿದ್ದವನು. ಶಿಬಿರವೊಂದರಲ್ಲಿ ಅವನಿಗೆ ಕೊಟ್ಟ ಕುರ್ಚಿ ಆಸ್ಪತ್ರೆಯ ನುಣುಪು ನೆಲಕ್ಕೆ ಸರಿ. ಮುಂದಿನ ಗಾಲಿ ಸಣ್ಣವು, ಅಂಗಳಕ್ಕೆ ಇಳಿಸಿದ ಕೂಡಲೇ ಮಣ್ಣಲ್ಲಿ ಹೂತವು. ಅಗಲ 18 ಇಂಚು. ಹುಡುಗನ ಸೊಂಟ 14 ಇಂಚು. ಒಂದು ಕಡೆಗೆ ವಾಲಿ ಕೂತೂ ಕೂತೂ ಹುಣ್ಣಾಗಿ, ಮೂರು ತಿಂಗಳು ಬೋರಲು ಮಲಗಿದ. ಆಮೇಲೆ ಬಲ್ಲವರು ಅಳತೆ ತೆಗೆದು ಬೇರೆ ಕುರ್ಚಿ ಹೊಂದಿಸಿಕೊಟ್ಟರು. ಆಗ ನೋಡಿ, ಕೇಳಿ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಎಂಥ ಕುರ್ಚಿ ಬೇಕು?

ಕಲ್ಲು ಮಣ್ಣಿನ ದಾರಿಗೆ ಮೂರು ಗುಣ ನೋಡಿ. ಮುಂದಿನ ಗಾಲಿ ದೊಡ್ಡದು, ಅಗಲ ಇರಬೇಕು. ಹಿಂದಿನ ಗಾಲಿಗೂ ಮುಂದಿನ ಗಾಲಿಗೂ ನಡುವೆ ಅಂತರ ಜಾಸ್ತಿ ಇರಬೇಕು; ಆಗ ಕಲ್ಲಿಗೆ ತಾಗಿದರೂ ಮುಂದಕ್ಕೆ ಮುಗ್ಗರಿಸುವುದು ಕಡಿಮೆ. ಟಯರು, ಟ್ಯೂಬು, ಬೇರಿಂಗು ನಮ್ಮ ಸೈಕಲ್ ಅಂಗಡಿಯಲ್ಲೇ ಸಿಗುವಂತಿರಬೇಕು.

ಅಮೆರಿಕದ ರಾಲ್ಫ್ ಹಾಚ್‌ಕಿಸ್ ಎಂಬ ಎಂಜಿನಿಯರು 1966ರಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ಕಾಲಿನ ಸ್ವಾಧೀನ ಕಳಕೊಂಡವರು. ಅವರು ಬಡ ದೇಶಗಳ ಗಾಲಿಕುರ್ಚಿ ಬಳಕೆದಾರರ ಜತೆ ಸೇರಿ, ಅಲ್ಲಲ್ಲೇ ರಿಪೇರಿಯಾಗುವ ಕುರ್ಚಿಗಳನ್ನು ರೂಪಿಸಿದರು. 'ರಫ್ ರೈಡರ್' ಎಂಬ ಕುರ್ಚಿ ಈ ಜಾತಿಯದು. ಮುಂದೆ ಒಂದೇ ದೊಡ್ಡ ಗಾಲಿಯ ಮೂರು ಗಾಲಿ ಕುರ್ಚಿಗಳೂ ಇವೆ.

ಇವಕ್ಕೆ ಒಂದು ತೊಂದರೆಯೂ ಉಂಟು. ಉದ್ದ ಇರುವುದರಿಂದ ಮನೆಯೊಳಗೆ ತಿರುಗಿಸಲು ಜಾಗ ಜಾಸ್ತಿ ಬೇಕು. ಆದ್ದರಿಂದ ತರಿಸುವ ಮೊದಲು ಬಾಗಿಲಿನ ಅಗಲ, ಬಚ್ಚಲಿನ ದಾರಿ ಅಳೆದುಕೊಳ್ಳಿ. ಹೊಸ್ತಿಲ ಮುಂದೆ ಇಳಿಜಾರು ಕಟ್ಟುವುದಾದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು.

ನಾಲ್ಕು ಅಳತೆ

ಆಸಾಮಿಯನ್ನು ಗಟ್ಟಿ ಬೆಂಚಿನ ಮೇಲೆ ನೆಟ್ಟಗೆ ಕೂರಿಸಿ, ಪಾದ ಪೂರ್ತಿ ಊರಿರಲಿ. ಬೀಳದ ಹಾಗೆ ಒಬ್ಬರು ಹಿಡಿದಿರಲಿ.

1. ಸೊಂಟದ ಅಗಲ: ಎರಡೂ ಮಗ್ಗುಲಿಗೆ ಒಂದೊಂದು ಹಲಗೆ ನಿಲ್ಲಿಸಿ ನಡುವಿನ ಅಂತರ ಅಳೆಯಿರಿ. ಸೀಟಿನ ಅಗಲ ಇಷ್ಟೇ. 'ಬೆಳೆಯುವ ಹುಡುಗ, ಇರಲಿ' ಎಂದು ನಾಲ್ಕು ಇಂಚು ಜಾಸ್ತಿ ಮಾಡಬೇಡಿ.

2. ತೊಡೆಯ ಉದ್ದ: ಕುಂಡಿಯ ಹಿಂಬದಿಯಿಂದ ಮಂಡಿಯ ಹಿಂಬದಿಗೆ. ಅದರಲ್ಲಿ 3ರಿಂದ 6 ಸೆಂ.ಮೀ. ಕಳೆದರೆ ಸೀಟಿನ ಉದ್ದ. ಎರಡು ಕಾಲೂ ಅಳೆದು ಗಿಡ್ಡದ್ದನ್ನು ಲೆಕ್ಕಕ್ಕೆ ಹಿಡಿಯಿರಿ.

3. ಮೊಣಕಾಲ ಕೆಳಗಿನ ಉದ್ದ: ಮಂಡಿಯ ಹಿಂಬದಿಯಿಂದ ಹಿಮ್ಮಡಿಗೆ, ದಿನಾ ಹಾಕುವ ಚಪ್ಪಲಿ ಸಮೇತ. ಮೆತ್ತೆಯ ಮೇಲ್ಭಾಗದಿಂದ ಪಾದದ ಹಲಗೆಗೆ ಇಷ್ಟೇ ಅಂತರ ಇರಬೇಕು. ಹಲಗೆ ನೆಲದಿಂದ ಎರಡು ಇಂಚಾದರೂ ಮೇಲಿರಬೇಕು.

4. ಬೆನ್ನಿನ ಎತ್ತರ: ಮೈ ಹಿಡಿತ ಇರುವವರಿಗೆ ಕೂತ ಜಾಗದಿಂದ ಪಕ್ಕೆಲುಬಿನ ಕೆಳಗಿನ ಅಂಚಿನ ತನಕ ಸಾಕು. ಹಿಡಿತ ಕಡಿಮೆ ಇದ್ದವರಿಗೆ ಹೆಗಲ ಎಲುಬಿನ ಕೆಳ ತುದಿಯ ತನಕ ಬೇಕು. ಇದಕ್ಕೆ ಮೆತ್ತೆಯ ದಪ್ಪ ಕೂಡಿಸಿ.

ಈ ನಾಲ್ಕರ ಜತೆ ಆಸಾಮಿಯ ತೂಕ, ಓಡಾಡುವ ದಾರಿ ಎಂಥದ್ದು, ಮೊದಲು ಹುಣ್ಣಾಗಿತ್ತೇ ಎಂಬುದನ್ನೂ ಚೀಟಿಯಲ್ಲಿ ಬರೆದು ಕೊಡಿ.

ಕುರ್ಚಿ ಬಂದ ಮೇಲೆ

ಕೂರಿಸಿ ನೋಡದೆ ಪಾಸು ಮಾಡಬೇಡಿ. ಮಂಡಿಯ ಹಿಂದೆ ಎರಡು ಬೆರಳಿನಷ್ಟು ಸಂದು ಇರಬೇಕು. ತೊಡೆ ಪೂರ್ತಿ ಮೆತ್ತೆಗೆ ಒರಗಿರಬೇಕು. ಕೈಯನ್ನು ತಳ್ಳುವ ಬಳೆಯ ಮೇಲ್ಭಾಗದಲ್ಲಿ ಇಟ್ಟರೆ ಮೊಣಕೈ ಹೆಚ್ಚುಕಡಿಮೆ ಮೂಲೆಮಟ್ಟದಂತೆ ಮಡಿಚಿರಬೇಕು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಅಂಗೈ ಮೇಲ್ಮುಖ ಮಾಡಿ, ಕುಂಡಿಯ ಎಲುಬಿನ ಕೆಳಗೆ ಬೆರಳ ತುದಿ ತೂರಿಸಿ. ಬೆರಳು ಮೇಲೆ ಕೆಳಗೆ ಅಲ್ಲಾಡಿದರೆ ಚಿಂತೆಯಿಲ್ಲ. ಅಲ್ಲಾಡದೆ, ಎಳೆದರೆ ಸಲೀಸಾಗಿ ಬಂದರೆ ಎಚ್ಚರಿಕೆ ಬೇಕು. ಬೆರಳು ಗಟ್ಟಿಯಾಗಿ ಸಿಕ್ಕಿಕೊಂಡರೆ ಆ ಮೆತ್ತೆ ಬೇಡವೇ ಬೇಡ. ನಡುವೆ ತೂತಿರುವ ಗಾಳಿ ಟ್ಯೂಬನ್ನು ಮೆತ್ತೆ ಮಾಡಬೇಡಿ, ಸುತ್ತಲ ಚರ್ಮಕ್ಕೆ ರಕ್ತ ಹೋಗುವುದು ತಪ್ಪುತ್ತದೆ.

ಮೊದಲ ದಿನ ಒಂದು ತಾಸು ಕೂರಿಸಿ ಇಳಿಸಿ, ಚರ್ಮ ನೋಡಿ. ನಮ್ಮ ಕಪ್ಪು ಮೈಯಲ್ಲಿ ಕೆಂಪು ಕಾಣದೆ ಹೋಗಬಹುದು. ಮುಟ್ಟಿ ನೋಡಿ, ಬಿಸಿಯೋ ಗಟ್ಟಿಯೋ ಎಂದು. ಕಲೆ ಅರ್ಧ ತಾಸಿನಲ್ಲಿ ಹೋಗದಿದ್ದರೆ ಮೆತ್ತೆ, ಅಳತೆ ಎರಡನ್ನೂ ತಿರುಗಿ ನೋಡಬೇಕು. ಕೂತವರು ಆಗಾಗ ಮುಂದಕ್ಕೆ ಬಾಗುವುದು, ಎಡಕ್ಕೆ ಬಲಕ್ಕೆ ವಾಲುವುದು ರೂಢಿ ಮಾಡಿಕೊಳ್ಳಲಿ.

ಹಿಂದಿನ ಗಾಲಿಯ ಅಚ್ಚು ಮುಂದಕ್ಕೆ ಸರಿಸಿದರೆ ತಳ್ಳಲು ಹಗುರ, ಆದರೆ ದಿಬ್ಬದಲ್ಲಿ ಹಿಂದಕ್ಕೆ ಮಗುಚೀತು. ಹೊಸಬರಿಗೆ ಅಚ್ಚು ಹಿಂದೆಯೇ ಇರಲಿ.

ಸಂಘದವರು ತರಿಸುವಾಗ

ಹತ್ತು ಜನಕ್ಕೆ ಹತ್ತು ಕುರ್ಚಿ ಎಂದರೆ ಹತ್ತು ಅಳತೆ ಚೀಟಿ. ಒಂದೇ ಸೈಜು ಬೇಡ. ಕುರ್ಚಿ ಬಂದ ದಿನ ಹೊಂದಿಸಲು ಬಲ್ಲವರೂ ಬರಬೇಕು ಎಂದು ಮೊದಲೇ ಕರಾರು ಮಾಡಿ. ಬಿಡಿಭಾಗ, ಹೆಚ್ಚುವರಿ ಮೆತ್ತೆಗೂ ದುಡ್ಡು ತೆಗೆದಿಡಿ. ಊರಿನ ಒಬ್ಬ ಸೈಕಲ್ ರಿಪೇರಿಯವನಿಗೆ ಕೆಲಸ ತೋರಿಸಿಕೊಡಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಮಾರ್ಗಸೂಚಿಯಲ್ಲೂ ಅಳತೆ, ಹೊಂದಿಸುವುದು, ಕಲಿಸುವುದು, ಆಮೇಲೆ ಬಂದು ನೋಡುವುದು ಇವೆಲ್ಲ ಸೇರಿಯೇ ಕುರ್ಚಿ ಕೊಡುವ ಕೆಲಸ ಎಂದಿದೆ.

ಕೇಳುವುದು ಎಲ್ಲಿ?

ಮೊದಲು ನಿಮ್ಮ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ. ಅಂಗವಿಕಲರ ಗುರುತಿನ ಚೀಟಿ, ಆದಾಯ ಪತ್ರ ತಯಾರಿಟ್ಟುಕೊಳ್ಳಿ. ಕೇಂದ್ರದ ಅಡಿಪ್ ಯೋಜನೆಯಲ್ಲಿ ಕಾನ್ಪುರದ ಅಲಿಂಕೊ ಕಾರ್ಖಾನೆಯ ಸಾಮಾನು ಕೊಡುತ್ತಾರೆ. ಬೆಂಗಳೂರಿನಲ್ಲಿ 1959ರಿಂದ ಇರುವ ಎ.ಪಿ.ಡಿ., 1994ರಲ್ಲಿ ಶುರುವಾದ ಮೊಬಿಲಿಟಿ ಇಂಡಿಯಾ ಸಂಸ್ಥೆಗಳು ಈ ಕೆಲಸದಲ್ಲಿ ಪಳಗಿದವು.

ಪುಕ್ಕಟೆ ಸಿಗುವ ಕುರ್ಚಿಯಾದರೂ ಅಳತೆ ಕೇಳಲು ಸಂಕೋಚ ಪಡಬೇಡಿ. 'ಇದ್ದದ್ದು ತಗೊಂಡು ಹೋಗಿ' ಎಂದರೆ, ಬೆರಳು ತೂರಿಸಿ ನೋಡಿದ ಮೇಲೆಯೇ ಸಹಿ ಹಾಕಿ.