ವಿಮಾನದ ತಪಾಸಣೆ: ವಿಧಿ ಮತ್ತು ಹಿತವಚನ

ಕಾನೂನಿನ ಕನ್ನಡದಲ್ಲಿ ‘ಮಾಡತಕ್ಕದ್ದು’ ಎಂಬುದಕ್ಕೂ ‘ಮಾಡುವುದು ಒಳಿತು’ ಎಂಬುದಕ್ಕೂ ಅಜಗಜಾಂತರವಿದೆ. ಮೊದಲನೆಯದು ವಿಧಿ, ಎರಡನೆಯದು ಹಿತವಚನ. ಈ ಭೇದದ ಮೇಲೆ ಹಣವೂ ಜೀವವೂ ನಿಂತಿರುವ ಒಂದು ಕ್ಷೇತ್ರವೆಂದರೆ, ಅಮೆರಿಕದಲ್ಲಿ ಖಾಸಗಿಯವರು ಸ್ವಂತ ಬಳಕೆಗೆ ಇಟ್ಟುಕೊಂಡಿರುವ ಸಣ್ಣ ವಿಮಾನಗಳ ನಿರ್ವಹಣೆ.

ಅಲ್ಲಿನ ವಿಮಾನಯಾನ ನಿಯಮಗಳ 91ನೆಯ ಭಾಗದಂತೆ ಇಂತಹ ವಿಮಾನವು ಸಾಮಾನ್ಯವಾಗಿ 12 ತಿಂಗಳಿಗೊಮ್ಮೆ ವಾರ್ಷಿಕ ತಪಾಸಣೆಗೆ ಒಳಪಡತಕ್ಕದ್ದು. ಗಣನೆ ನಡೆಯುವುದು ಪಂಚಾಂಗದ ತಿಂಗಳುಗಳಲ್ಲಿ: ಜೂನ್ 3ರಂದು ಮುಗಿದ ತಪಾಸಣೆ ಮರುವರ್ಷದ ಜೂನ್ 30ರವರೆಗೆ ಸಲ್ಲುತ್ತದೆ. ವಿಶೇಷ ಅಧಿಕಾರ ಪಡೆದ ಯಂತ್ರಜ್ಞನು ತುಕ್ಕು, ಬಿರುಕು, ಸಿಲಿಂಡರುಗಳ ಒತ್ತಡ, ಎಣ್ಣೆಯ ಜಾಲರಿಯಲ್ಲಿ ಸಿಕ್ಕ ಲೋಹದ ಕಣಗಳು ಮುಂತಾದುವನ್ನು ಪರಿಶೀಲಿಸುತ್ತಾನೆ. ಬಾಡಿಗೆಗೆ ಜನರನ್ನು ಒಯ್ಯುವ ಅಥವಾ ಶುಲ್ಕ ಪಡೆದು ಹಾರಾಟ ಕಲಿಸಲು ಒದಗಿಸುವ ವಿಮಾನಕ್ಕೆ ಇದರ ಜೊತೆಗೆ 100 ಗಂಟೆಗಳ ತಪಾಸಣೆಯೂ ಉಂಟು. ತಪಾಸಣೆಯ ಸ್ಥಳವನ್ನು ತಲುಪುವ ಸಲುವಾಗಿ ಮಾತ್ರ 10 ಗಂಟೆ ಮೀರಬಹುದು. ಮೀರಿದ ಅವಧಿಯನ್ನು ಮುಂದಿನ 100 ಗಂಟೆಗಳಲ್ಲಿ ಕಳೆಯಲಾಗುತ್ತದೆ. ಸ್ವಂತಕ್ಕಷ್ಟೇ ಹಾರುವವನಿಗೆ ಈ ಎರಡನೆಯ ನಿಯಮ ಅನ್ವಯಿಸದು.

ಎಂಜಿನನ್ನು ಪೂರ್ತಿ ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ ಮರುಜೋಡಿಸುವ ಕಾರ್ಯಕ್ಕೆ ಓವರ್‌ಹಾಲ್ ಎಂದು ಹೆಸರು. ಲೈಕಮಿಂಗ್ ಸಂಸ್ಥೆಯ ಅನೇಕ ನಾಲ್ಕು ಸಿಲಿಂಡರಿನ ಎಂಜಿನುಗಳಿಗೆ 2000 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು, ತಯಾರಕರು ಸೂಚಿಸಿದ ಮಿತಿ. ವರ್ಷಕ್ಕೆ 50 ಗಂಟೆ ಹಾರುವವನ ಎಂಜಿನ್ 12 ವರ್ಷದಲ್ಲಿ ದುಡಿದಿರುವುದು 600 ಗಂಟೆ ಮಾತ್ರ. ಖಾಸಗಿ ಮಾಲೀಕನ ಪಾಲಿಗೆ ಈ ಮಿತಿ ಹಿತವಚನವೇ ಹೊರತು ವಿಧಿಯಲ್ಲ. ಆದರೆ ನಿರ್ದಿಷ್ಟ ದೋಷವನ್ನು ಕುರಿತು ಸರ್ಕಾರ ಹೊರಡಿಸುವ ಹಾರಾಟಯೋಗ್ಯತೆಯ ಆದೇಶಗಳನ್ನು ಪಾಲಿಸತಕ್ಕದ್ದೇ.

ಗಂಟೆಗಳ ಜೊತೆಗೆ ವರ್ಷಗಳ ಲೆಕ್ಕವೇಕೆ? ನಿಂತ ಎಂಜಿನಿನಲ್ಲಿ ಎಣ್ಣೆಯ ಲೇಪ ಜಾರಿಹೋಗಿ, ತೇವ ತಗುಲಿ, ಉಕ್ಕಿನ ಭಾಗಗಳು ತುಕ್ಕು ಹಿಡಿಯುತ್ತವೆ. ದುಡಿಮೆಯಂತೆ ಸೋಮಾರಿತನವೂ ಅದನ್ನು ಸವೆಸುತ್ತದೆ. ಹಾಗೆಂದು ಬಿಚ್ಚುವುದೇ ಸುರಕ್ಷಿತವೆನ್ನುವಂತಿಲ್ಲ. ಮರುಜೋಡಣೆಯಲ್ಲಿ ಹೊಸ ತಪ್ಪು ನುಸುಳಬಹುದು. ಯುನೈಟೆಡ್ ಏರ್‌ಲೈನ್ಸಿನ ನೌಲನ್ ಮತ್ತು ಹೀಪ್ 1978ರಲ್ಲಿ ಸಲ್ಲಿಸಿದ ವರದಿಯು, ವಿಮಾನದ ಬಹುಪಾಲು ಭಾಗಗಳಿಗೆ ವಯೋಮಿತಿ ವಿಧಿಸುವುದರಿಂದ ವಿಶ್ವಾಸಾರ್ಹತೆ ಹೆಚ್ಚದೆಂದು ತೋರಿಸಿತು. ಆದ್ದರಿಂದಲೇ ವಯಸ್ಸನ್ನಷ್ಟೇ ಎಣಿಸದೆ ಎಂಜಿನಿನ ಸ್ಥಿತಿಯನ್ನು ಅರಿಯಬೇಕೆಂಬ ವಾದ ಬಲಗೊಂಡಿತು. ಎಣ್ಣೆಯ ಪರೀಕ್ಷೆಯೂ ಸಿಲಿಂಡರಿನೊಳಗೆ ಇಣುಕುವ ಸಣ್ಣ ಕ್ಯಾಮೆರಾವೂ ಈ ಅರಿವಿನ ಸಾಧನಗಳು.

ಕಾನೂನು ಸುಮ್ಮನಿದ್ದ ಮಾತ್ರಕ್ಕೆ ಎಂಜಿನ್ ಆರೋಗ್ಯವಾಗಿದೆಯೆಂದು ಅರ್ಥವಲ್ಲ. ವಿಮಾನವನ್ನು ಹಾರಾಟಕ್ಕೆ ಯೋಗ್ಯವಾಗಿಡುವ ಮೂಲ ಹೊಣೆಯನ್ನು ಅದೇ 91ನೆಯ ಭಾಗವು ಮಾಲೀಕ ಅಥವಾ ನಿರ್ವಾಹಕನ ಮೇಲೆಯೇ ಹೊರಿಸಿದೆ. ಓವರ್‌ಹಾಲನ್ನು ಮುಂದೂಡುವ ಸ್ವಾತಂತ್ರ್ಯ ಅವನಿಗಿದೆ. ಮುಂದೂಡಿದ್ದಕ್ಕೆ ಉತ್ತರ ಹೇಳಬೇಕಾದವನೂ ಅವನೇ.