ಹವ್ಯಾಸಿ ಮೋಟಾರು ಪಂದ್ಯಗಳ ಬೆಳವಣಿಗೆಯೂ ವೆಚ್ಚದ ನಿಯಂತ್ರಣವೂ

ಮೋಟಾರು ಪಂದ್ಯವೆಂದೊಡನೆ ಅದು ರಾಜಕುಮಾರರ ಮತ್ತು ಧನಿಕರ ವಿನೋದವೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಈ ಭಾವನೆ ಸಂಪೂರ್ಣವಾಗಿ ನಿರಾಧಾರವೇನೂ ಅಲ್ಲ. ಆದರೆ ಈ ಕ್ರೀಡೆಯ ಚರಿತ್ರೆಯನ್ನು ಕೊಂಚ ಸೂಕ್ಷ್ಮವಾಗಿ ಪರಿಶೀಲಿಸಿದರೆ, ಸಂಬಳದಿಂದ ಜೀವಿಸುವ ಜನ ತಮ್ಮ ಸ್ವಂತ ದುಡಿಮೆಯ ಹಣದಿಂದ, ತಮ್ಮ ಕೈಯಾರೆ ಕಟ್ಟಿದ ಗಾಡಿಗಳಲ್ಲಿ ಸ್ಪರ್ಧಿಸಿದ ಮತ್ತೊಂದು ಧಾರೆಯೂ ಅದರಲ್ಲಿ ಹರಿದುಬಂದಿರುವುದು ಕಾಣುತ್ತದೆ. ಆ ಧಾರೆ ಎಲ್ಲಿ ಬತ್ತಿತು, ಎಲ್ಲಿ ಉಳಿಯಿತು, ಏತಕ್ಕೆ ಉಳಿಯಿತು ಎಂಬುದೇ ಪ್ರಕೃತ ಲೇಖನದ ವಿಷಯ. ಬೆಂಗಳೂರಿನ ಉತ್ತರಭಾಗದಲ್ಲಿರುವ ನಮಗೆ ಇದು ದೂರದ ಸಂಗತಿಯಲ್ಲ. 1953ರಲ್ಲಿ ಜಾಲಹಳ್ಳಿಯಲ್ಲಿ ಸ್ಥಾಪಿತವಾದ ಹೆಚ್.ಎಂ.ಟಿ. ಕಾರ್ಖಾನೆಯ ಕಾಲದಿಂದಲೂ ಯಶವಂತಪುರ ಮತ್ತು ಪೀಣ್ಯಗಳ ಸುತ್ತಮುತ್ತ ಲೇತುಯಂತ್ರದ ಕೆಲಸ ಬಲ್ಲವರಿಗೆ ಕೊರತೆಯಿಲ್ಲ, ಯಲಹಂಕದ ಆಸುಪಾಸಿನಲ್ಲಿ ಎಂಜಿನಿಯರಿಂಗ್ ಕಾಲೇಜುಗಳು ಹಲವಿವೆ, ಹೆಬ್ಬಾಳ, ಆರ್.ಟಿ. ನಗರಗಳ ಗ್ಯಾರೇಜುಗಳಲ್ಲಿ ಎಂಜಿನ್ನನ್ನು ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸಬಲ್ಲ ಹುಡುಗರಿದ್ದಾರೆ. ಇಂತಹ ಹುಡುಗನೊಬ್ಬನು ಪಂದ್ಯದ ಗಾಡಿಯನ್ನು ಕೇವಲ ರಿಪೇರಿ ಮಾಡುವವನಾಗಿಯೇ ಉಳಿಯಬೇಕೋ, ಅಥವಾ ಅದರಲ್ಲಿ ಕುಳಿತು ಓಡಿಸುವುದಕ್ಕೂ ಅವಕಾಶವುಂಟೋ ಎಂಬುದು ಪಂದ್ಯದ ವೆಚ್ಚವನ್ನು ಅವಲಂಬಿಸಿದ ಪ್ರಶ್ನೆ.

ಮೊದಲು ಈ ವೆಚ್ಚದ ಸ್ವರೂಪವನ್ನು ತಿಳಿಯಬೇಕು. ಗಾಡಿಯ ಬೆಲೆಯೇ ಮುಖ್ಯ ಖರ್ಚೆಂದು ಹೊರಗಿನವರು ಭಾವಿಸುತ್ತಾರೆ. ಅದು ಒಮ್ಮೆ ಮಾಡುವ ಖರ್ಚು. ಮಾರಿದರೆ ಒಂದು ಪಾಲು ಹಿಂತಿರುಗಿ ಬರುತ್ತದೆ. ಎರಡನೆಯದು ನೆಲದ ಖರ್ಚು, ಅಂದರೆ ಪಂದ್ಯ ನಡೆಯುವ ಸ್ಥಳದ ಬಾಡಿಗೆ ಮತ್ತು ಅಲ್ಲಿಗೆ ಗಾಡಿಯನ್ನು ಸಾಗಿಸುವ ವೆಚ್ಚ. ಮೂರನೆಯದು ಪೈಪೋಟಿಯ ಖರ್ಚು. ಒಬ್ಬನು ಉತ್ತಮವಾದ ಟೈರು ಹಾಕಿಸಿ ಅರ್ಧ ಸೆಕೆಂಡು ಗಳಿಸಿದರೆ, ಉಳಿದ ಇಪ್ಪತ್ತು ಜನರೂ ಮುಂದಿನ ಪಂದ್ಯಕ್ಕೆ ಅದೇ ಟೈರನ್ನು ಕೊಳ್ಳುತ್ತಾರೆ. ಆಗ ಮೊದಲಿನವನ ಲಾಭ ಹೋಯಿತು, ಎಲ್ಲರ ಹಣವೂ ಹೋಯಿತು, ಸ್ಥಾನಗಳು ಮಾತ್ರ ಇದ್ದಂತೆಯೇ ಇದ್ದವು. ನಮ್ಮ ಮದುವೆಗಳ ಆಡಂಬರ ಬೆಳೆಯುವುದೂ ಹೀಗೆಯೇ. ಇಂತಹ ಖರ್ಚನ್ನು ಯಾವ ಸ್ಪರ್ಧಿಯೂ ಒಬ್ಬನೇ ನಿಂತು ತಡೆಯಲಾರ, ಏಕೆಂದರೆ ಮಿತವ್ಯಯ ಮಾಡಿದವನು ಸೋಲುತ್ತಾನೆ. ಅದನ್ನು ತಡೆಯತಕ್ಕದ್ದು ನಿಯಮಾವಳಿ. ಆದಕಾರಣ ಹವ್ಯಾಸಿ ಪಂದ್ಯಗಳ ಚರಿತ್ರೆಯನ್ನು ಬರೆಯುವವನಿಗೆ ವಿಜೇತರ ಪಟ್ಟಿಗಿಂತ ನಿಯಮಗಳ ಪುಸ್ತಕವೇ ಹೆಚ್ಚು ಬೆಲೆಯುಳ್ಳ ಆಕರವೆಂದು ನಾವು ಎಣಿಸುತ್ತೇವೆ.

ಇದಕ್ಕೆ ಇಂಗ್ಲೆಂಡಿನ ಉದಾಹರಣೆ ಅತ್ಯಂತ ಸ್ಪಷ್ಟವಾದುದು. 1922ರಿಂದ 1939ರವರೆಗೆ ತಯಾರಾದ ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರು ಅಲ್ಲಿನ ಮಧ್ಯಮವರ್ಗದ ಗಾಡಿ. ಅದರ ಎಂಜಿನ್ 747 ಸಿಸಿ. ಈ ಕಾರಿನ ಅಭಿಮಾನಿಗಳು 1939ರಲ್ಲಿ ‘750 ಮೋಟಾರ್ ಕ್ಲಬ್’ ಎಂಬ ಸಂಘವನ್ನು ಸ್ಥಾಪಿಸಿದರು. ಯುದ್ಧಾನಂತರ, 1950ರ ಸುಮಾರಿಗೆ, ಹಳೆಯ ಆಸ್ಟಿನ್ನಿನ ಎಂಜಿನ್ ಮತ್ತು ಚಾಸಿಗಳನ್ನು ಆಧಾರವಾಗಿಟ್ಟುಕೊಂಡು ಮನೆಯ ಹಿತ್ತಲಿನ ಷೆಡ್ಡಿನಲ್ಲಿ ಕಟ್ಟಬಹುದಾದ ಗಾಡಿಗಳಿಗೆಂದು ಅದು ಒಂದು ಪಂದ್ಯವರ್ಗವನ್ನು ಏರ್ಪಡಿಸಿತು. ಗುಜರಿಯಲ್ಲಿ ಸಿಕ್ಕುವ ಗಾಡಿಯೇ ಕಚ್ಚಾವಸ್ತು. 1951ರಲ್ಲಿ ಕಾಲಿನ್ ಚಾಪ್‌ಮನ್ ಎಂಬ ಯುವ ಎಂಜಿನಿಯರ್ ಈ ವರ್ಗಕ್ಕೆ ತನ್ನ ಮೂರನೆಯ ಲೋಟಸ್ ಗಾಡಿಯನ್ನು ತಂದ. ಆಸ್ಟಿನ್ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳಿಗೆ ಗಾಳಿ ಮತ್ತು ಇಂಧನದ ಮಿಶ್ರಣ ಒಳಹೋಗುವ ದ್ವಾರಗಳು ಎರಡೇ. ಚಾಪ್‌ಮನ್ ಅವುಗಳನ್ನು ಜಾಣತನದಿಂದ ಇಬ್ಭಾಗಿಸಿ ನಾಲ್ಕರಂತೆ ಕೆಲಸ ಮಾಡುವಂತೆ ಮಾಡಿದ. ಗಾಡಿ ಉಳಿದೆಲ್ಲವನ್ನೂ ಹಿಂದೆ ಹಾಕಿತು. ಸಂಘವು ಆ ಉಪಾಯವನ್ನು ಮುಂದಕ್ಕೆ ನಿಷೇಧಿಸಿತು. ಪ್ರತಿಭೆಗೆ ಇದು ಅನ್ಯಾಯವಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಚಾಪ್‌ಮನ್ನನಿಗೆ ಅದರಿಂದ ಯಾವ ನಷ್ಟವೂ ಆಗಲಿಲ್ಲ. ಆತನ ಲೋಟಸ್ ಮುಂದೆ ಜಗತ್ಪ್ರಸಿದ್ಧವಾಯಿತು. ಆದರೆ ಆ ಉಪಾಯಕ್ಕೆ ಅನುಮತಿ ಕೊಟ್ಟಿದ್ದರೆ ಉಳಿದ ಸ್ಪರ್ಧಿಗಳೆಲ್ಲರೂ ತಮ್ಮ ಎಂಜಿನ್ನುಗಳನ್ನು ಒಡೆಸಿ ಕಟ್ಟಿಸಬೇಕಾಗುತ್ತಿತ್ತು, ಇಲ್ಲವೇ ಮನೆಯಲ್ಲಿ ಕೂರಬೇಕಾಗುತ್ತಿತ್ತು. ಮುಂದೆ ಆಸ್ಟಿನ್ ಎಂಜಿನ್ನುಗಳು ವಿರಳವಾದಾಗ ಸಂಘವು ರಿಲಯಂಟ್ ಎಂಬ ಮತ್ತೊಂದು ಅಗ್ಗದ ಎಂಜಿನ್ನಿಗೆ ಸ್ಥಾನ ಕೊಟ್ಟಿತು. ಎಂಜಿನ್ ಬದಲಾದರೂ ತತ್ತ್ವ ಬದಲಾಗದ ಆ ವರ್ಗ ಇಂದಿಗೂ ಜೀವಂತವಾಗಿದೆ.

ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಇದೇ ಕಾರ್ಯವನ್ನು ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಬಿಡಿಭಾಗಗಳಿಂದ ಕಟ್ಟುವ ‘ಫಾರ್ಮುಲಾ ವೀ’ ಗಾಡಿ ಮಾಡಿತು; 1963ರಲ್ಲಿ ಅಲ್ಲಿನ ಹವ್ಯಾಸಿಗಳ ಸಂಸ್ಥೆ ಅದನ್ನು ಅಧಿಕೃತ ವರ್ಗವನ್ನಾಗಿ ಅಂಗೀಕರಿಸಿತು. ಇಂಗ್ಲೆಂಡಿನಲ್ಲಿ 1967ರಲ್ಲಿ ಆರಂಭವಾದ ಫಾರ್ಮುಲಾ ಫೋರ್ಡ್ ಮತ್ತೊಂದು ಮಾರ್ಗ ಹಿಡಿದು, ಪೂರ್ಣ ಗಾಡಿಯ ಬೆಲೆ ಒಂದು ಸಾವಿರ ಪೌಂಡನ್ನು ಮೀರಬಾರದೆಂದು ವಿಧಿಸಿತು. ಈ ಬೆಲೆಯ ಮಿತಿ ಬಹುಕಾಲ ನಿಲ್ಲಲಿಲ್ಲ. ರಸೀತಿಯಲ್ಲಿ ಬರೆದ ಬೆಲೆಯನ್ನು ಪರೀಕ್ಷಿಸುವುದು ಕಷ್ಟ, ಲೋಹದ ತುಂಡನ್ನು ಅಳೆದು ನೋಡುವುದು ಸುಲಭ. 2006ರಲ್ಲಿ ಅಮೆರಿಕಾದಲ್ಲೇ ಹುಟ್ಟಿದ ‘ಲೆಮನ್ಸ್’ ಪಂದ್ಯಗಳಲ್ಲಿ ಗಾಡಿಯ ಬೆಲೆ 500 ಡಾಲರಿಗೆ ಸೀಮಿತ. ಅಲ್ಲಿ ಈ ತೊಡಕಿಗೆ ಒಂದು ವಿನೋದದ ಪರಿಹಾರವುಂಟು. ಬೆಲೆಯಲ್ಲಿ ಮೋಸ ಕಂಡರೆ ಸುತ್ತುಗಳನ್ನು ಕಡಿತಮಾಡುವುದಲ್ಲದೆ, ಅದೇ 500 ಡಾಲರು ಕೊಟ್ಟು ಗಾಡಿಯನ್ನು ತಾವೇ ಕೊಂಡುಬಿಡುವ ಹಕ್ಕನ್ನೂ ವ್ಯವಸ್ಥಾಪಕರು ಇಟ್ಟುಕೊಂಡಿದ್ದಾರೆ.

ಇನ್ನು ನಮ್ಮ ದೇಶದ ವಿಷಯ. ಸ್ವಾತಂತ್ರ್ಯಾನಂತರದ ಆಮದು ನಿಯಂತ್ರಣದಿಂದಾಗಿ ಭಾರತದ ರಸ್ತೆಗಳಲ್ಲಿ ಉಳಿದ ಹೊಸ ಕಾರುಗಳು ಅಂಬಾಸಡರ್, ಫಿಯಟ್ ಮತ್ತು ಸ್ಟ್ಯಾಂಡರ್ಡ್ ಎಂಬ ಎರಡು ಮೂರು ಬಗೆಯವು ಮಾತ್ರ. ಇದನ್ನು ಕೊರತೆಯೆಂದೇ ಎಲ್ಲರೂ ವರ್ಣಿಸುತ್ತಾರೆ. ಆದರೆ ಹವ್ಯಾಸಿ ಸ್ಪರ್ಧಿಯ ದೃಷ್ಟಿಯಿಂದ ನೋಡಿದರೆ ಸರ್ಕಾರದ ಆ ಧೋರಣೆಯೇ, ಯಾರೂ ಉದ್ದೇಶಿಸದೆ, ಒಂದು ನಿಯಮಾವಳಿಯಂತೆ ಕೆಲಸ ಮಾಡಿತು. ಎಲ್ಲರ ಗಾಡಿಯೂ ಹೆಚ್ಚುಕಡಿಮೆ ಒಂದೇ, ಬಿಡಿಭಾಗ ಪ್ರತಿ ಊರಿನಲ್ಲೂ ಲಭ್ಯ, ವ್ಯತ್ಯಾಸವಿದ್ದುದು ಮೆಕ್ಯಾನಿಕ್ಕಿನ ಕೈಚಳಕದಲ್ಲಿ. ದ್ವಿಚಕ್ರಗಳಲ್ಲಿಯೂ ಮೈಸೂರಿನಲ್ಲಿ 1961ರಿಂದ ತಯಾರಾದ ಜಾವಾ, ಅನಂತರ ಯೆಜ್ದಿ ಗಾಡಿಗಳು ಇದೇ ಪಾತ್ರವನ್ನು ವಹಿಸಿದವು. 1953ರಲ್ಲಿ ಸ್ಥಾಪಿತವಾದ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು, ದ್ವಿತೀಯ ಮಹಾಯುದ್ಧದ ಕಾಲದಲ್ಲಿ ನಿರ್ಮಿತವಾಗಿ ಅನಂತರ ಪಾಳುಬಿದ್ದಿದ್ದ ಶೋಲಾವರಂ ವಿಮಾನದಾಣದಲ್ಲಿ ಪಂದ್ಯಗಳನ್ನು ನಡೆಸಿತು. ದಕ್ಷಿಣದ ಸ್ಪರ್ಧಿಗಳಿಗೆಲ್ಲ ಅದೇ ಯಾತ್ರಾಸ್ಥಳ. 1982ರಲ್ಲಿ ಬೆಂಗಳೂರಿನ ಸಿಪಾನಿ ಸಂಸ್ಥೆ ಡಾಲ್ಫಿನ್ ಎಂಬ ಫೈಬರ್ ಮೈಯ ಹಗುರವಾದ ಕಾರನ್ನು ಮಾರುಕಟ್ಟೆಗೆ ತಂದಾಗ, ಸ್ಪರ್ಧಿಗಳಲ್ಲಿ ಅದಕ್ಕೆ ಕೆಲಕಾಲ ಒಳ್ಳೆಯ ಹೆಸರಿತ್ತು. ಅದರ 848 ಸಿಸಿ ಎಂಜಿನ್ ಮೇಲೆ ಹೇಳಿದ ರಿಲಯಂಟ್ ಎಂಜಿನ್ನಿನ ಒಡಹುಟ್ಟೇ ಎಂಬುದು ಸ್ವಾರಸ್ಯಕರವಾದ ಸಂಗತಿ.

1980ರ ದಶಕದಲ್ಲಿ ಶೋಲಾವರಂನ ಒಂದೇ ನೆಲದ ಮೇಲೆ ಎರಡು ಮಾರ್ಗಗಳು ಎದುರುಬದುರಾದುದನ್ನು ನಾವು ಕಾಣುತ್ತೇವೆ. ಗೊಂಡಲ್ ಸಂಸ್ಥಾನದ ರಾಜವಂಶಸ್ಥರೂ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯರೂ ವಿದೇಶದಿಂದ ತರಿಸಿದ ಫಾರ್ಮುಲಾ ಗಾಡಿಗಳನ್ನು ಅಲ್ಲಿ ಓಡಿಸಿದರು. ಪ್ರೇಕ್ಷಕರಿಗೆ ಅದು ಹಬ್ಬ; ಆದರೆ ಅಂತಹ ಗಾಡಿಯನ್ನು ನೋಡಿ ಮನೆಗೆ ಹೋದ ಹುಡುಗ ಮರುವರ್ಷ ಸ್ಪರ್ಧಿಯಾಗಿ ಬರುವುದು ಸಾಧ್ಯವಿರಲಿಲ್ಲ. ಮತ್ತೊಂದು ಮಾರ್ಗ ಕೊಯಮತ್ತೂರಿನ ಎಸ್. ಕರಿವರ್ಧನ್ ಅವರದು. ಶ್ರೀಮಂತ ಮನೆತನದವರಾಗಿದ್ದ ಅವರೂ ಬೇಕಾದರೆ ವಿದೇಶಿ ಗಾಡಿಯಲ್ಲೇ ತೃಪ್ತರಾಗಬಹುದಿತ್ತು. 1983ರ ಅಂತ್ಯದಲ್ಲಿ ಬಂದ ಮಾರುತಿ 800 ಕಾರು ಮನೆಮಾತಾಗಿದ್ದ ಸಮಯವದು. ಅದರ 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ನನ್ನು ಒಂದೇ ಆಸನದ ಗಾಡಿಗೆ ಕೂರಿಸಿ, ಒಂದೇ ಮಾದರಿಯ ಹಲವು ಗಾಡಿಗಳನ್ನು ಅವರು ಕಟ್ಟಿಸಿದರು. ಇದೇ ಫಾರ್ಮುಲಾ ಮಾರುತಿ. ನಿಯಮದ ಪುಸ್ತಕದಲ್ಲಿ ಇದರ ಹೆಸರು ‘ಫಿಸ್ಮೆ’. ಎಂಜಿನ್ ಕೆಟ್ಟರೆ ಯಾವ ಊರಿನ ಮಾರುತಿ ಗ್ಯಾರೇಜಿನಲ್ಲಾದರೂ ಬಿಡಿಭಾಗ ಸಿಕ್ಕುತ್ತಿತ್ತು. ನಾರಾಯಣ್ ಕಾರ್ತಿಕೇಯನ್ ಮೊದಲು ಸ್ಪರ್ಧಿಸಿದ್ದು ಇಂತಹ ಗಾಡಿಯಲ್ಲಿ. 2005ರಲ್ಲಿ ಅವರು ಫಾರ್ಮುಲಾ ಒನ್ ತಲಪಿದ ಪ್ರಥಮ ಭಾರತೀಯರಾದರು. ಕರಿವರ್ಧನ್ 1995ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ಬಳಿ 2003ರಲ್ಲಿ ಆರಂಭವಾದ ಪಂದ್ಯಪಥಕ್ಕೆ ಅವರ ಹೆಸರನ್ನೇ ಇಡಲಾಗಿದೆ.

ಅನಂತರದ ಕಾಲದಲ್ಲಿ ಕಾರು ಕಂಪೆನಿಗಳು ತಾವೇ ಸರಣಿಗಳನ್ನು ನಡೆಸತೊಡಗಿದವು. 2010ರಲ್ಲಿ ಫೋಕ್ಸ್‌ವ್ಯಾಗನ್ ಪೋಲೊ, ಅದರ ಹಿಂದೆಯೇ ಬಿಡದಿಯ ಟೊಯೋಟಾ ಎಟಿಯೋಸ್. ಗಾಡಿ ಕಂಪೆನಿಯದು, ದುರಸ್ತಿ ಕಂಪೆನಿಯದು, ಸ್ಪರ್ಧಿ ಶುಲ್ಕ ತೆತ್ತು ಓಡಿಸಿದರಾಯಿತು. ಸಮಾನತೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಆದರೆ ಇದರಲ್ಲಿ ಮೆಕ್ಯಾನಿಕ್ಕಿನ ವಿದ್ಯೆಗೆ ಸ್ಥಾನವಿಲ್ಲ. ಅಲ್ಲದೆ ಕಂಪೆನಿಯ ಆಸಕ್ತಿ ತೀರಿದ ದಿನ ಸರಣಿಯೂ ತೀರುತ್ತದೆ. ಎಟಿಯೋಸ್ ಪಂದ್ಯಗಳು ಕೆಲವೇ ವರ್ಷಗಳಲ್ಲಿ ನಿಂತುಹೋದವು. ಸ್ಪರ್ಧಿಗಳ ಮನೆಯಲ್ಲಿ ಗಾಡಿಗಳೇ ಇರಲಿಲ್ಲವಾದ್ದರಿಂದ ಅದನ್ನು ಮುಂದುವರಿಸುವವರೂ ಇರಲಿಲ್ಲ. ಸ್ವಂತ ಗಾಡಿಯುಳ್ಳವರ ಸಂಘಕ್ಕೆ ಈ ಭಯವಿಲ್ಲ.

ಬೆಂಗಳೂರಿಗೆ ವಿಶೇಷವಾದ ತೊಡಕು ನೆಲದ್ದು. ಇಂಗ್ಲೆಂಡಿನ ಸಿಲ್ವರ್‌ಸ್ಟನ್ ಯುದ್ಧಕಾಲದ ವಿಮಾನದಾಣವಾಗಿದ್ದು 1948ರಲ್ಲಿ ಪಂದ್ಯಪಥವಾಯಿತು. ಶೋಲಾವರಂ ಅದೇ ದಾರಿಯನ್ನು ಹಿಡಿಯಿತು. ನಮ್ಮ ಯಲಹಂಕದ ವಿಮಾನದಾಣವೂ ಆ ಯುದ್ಧದ ಕಾಲದ್ದೇ. ಆದರೆ ಅದು ಪಾಳುಬೀಳಲಿಲ್ಲ. 1963ರಲ್ಲಿ ವಾಯುಪಡೆಯ ನೆಲೆಯಾಯಿತು, 1996ರಿಂದ ಅಲ್ಲಿ ವೈಮಾನಿಕ ಪ್ರದರ್ಶನಗಳು ನಡೆಯುತ್ತಿವೆ. ಜಕ್ಕೂರಿನ ಓಡುಪಥ ಸರ್ಕಾರದ ವೈಮಾನಿಕ ತರಬೇತಿ ಶಾಲೆಗೆ ಸೇರಿದ್ದು. ನಗರಕ್ಕೆ ವಿಮಾನಗಳು ಒಲಿದುದರಿಂದ ಮೋಟಾರು ಪಂದ್ಯಕ್ಕೆ ನೆಲವಿಲ್ಲದಾಯಿತೆಂದು ಹೇಳಬಹುದು. ಇದರ ಬಗ್ಗೆ ದೂರುವುದು ನ್ಯಾಯವಲ್ಲ. ಇಂದು ಇಲ್ಲಿನ ಸ್ಪರ್ಧಿ ಪಂದ್ಯಪಥವನ್ನು ಕಾಣಬೇಕಾದರೆ ಮದರಾಸಿನ ದಾರಿಯಲ್ಲಿ ಇರುಂಗಾಟ್ಟುಕೋಟೆಗೆ, ಇಲ್ಲವೇ ಕೊಯಮತ್ತೂರಿಗೆ, ಸುಮಾರು 300 ಕಿಲೋಮೀಟರು ಅಥವಾ ಅದಕ್ಕಿಂತಲೂ ಹೆಚ್ಚು ದೂರ ಗಾಡಿಯನ್ನು ಲಾರಿಯ ಮೇಲೆ ಒಯ್ಯಬೇಕು.

ಹೀಗಿರಲು ಸರಣಿಯನ್ನು ಬೆಳೆಸುವುದೂ ವೆಚ್ಚವನ್ನು ಇಳಿಸುವುದೂ ಪರಸ್ಪರ ವಿರುದ್ಧವಾದ ಕಾರ್ಯಗಳಲ್ಲ. ಪಥದ ಬಾಡಿಗೆ, ಆಂಬುಲೆನ್ಸು, ಬಾವುಟದವರು, ಸಮಯ ಅಳೆಯುವವರು ಎಲ್ಲ ಸೇರಿ ದಿನಕ್ಕೆ ಮೂರು ಲಕ್ಷ ರೂಪಾಯಿ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಹತ್ತು ಗಾಡಿಗಳಾದರೆ ತಲೆಗೆ 30,000. ಮೂವತ್ತು ಗಾಡಿಗಳಾದರೆ 10,000. ಆದರೆ ಜನರನ್ನು ಸೆಳೆಯುವ ಆತುರದಲ್ಲಿ ಒಂದೊಂದು ಬಗೆಯ ಗಾಡಿಗೂ ಒಂದೊಂದು ವರ್ಗವನ್ನು ತೆರೆದರೆ ಮೂರು ಮೂರು ಗಾಡಿಗಳ ಹತ್ತು ಪಂದ್ಯಗಳಾಗುತ್ತವೆ. ದಿನ ಸಾಲದು, ಸ್ಪರ್ಧೆಯೂ ಇಲ್ಲ. ಒಂದೆರಡು ವರ್ಗಗಳೇ ಸಾಕು. ಎಂಜಿನ್ನಿಗೆ ಮುದ್ರೆ, ಎಲ್ಲರಿಗೂ ಒಂದೇ ಟೈರು, ಕನಿಷ್ಠ ತೂಕ, ಇವು ಮೂರನ್ನು ವಿಧಿಸಿ ಐದು ವರ್ಷ ನಿಯಮವನ್ನು ಮುಟ್ಟದಿದ್ದರೆ ಹಳೆಯ ಗಾಡಿಗೆ ಬೆಲೆ ಉಳಿಯುತ್ತದೆ. ಹೊಸಬನು ಅದನ್ನು ಕೊಂಡು ಒಳಬರುತ್ತಾನೆ.

ಊರು ಬಿಡದೆ ಮಾಡಬಹುದಾದುದೂ ಇದೆ. ಹೆಣ್ಣೂರು–ಬಾಗಲೂರು ರಸ್ತೆಯ ಕಾರ್ಟಿಂಗ್ ಪಥದಲ್ಲಿ ರಾಷ್ಟ್ರೀಯ ಮಟ್ಟದ ಪಂದ್ಯಗಳು ನಡೆದಿವೆ. ಅಲ್ಲಿ ಬಳಸಿದ ರೋಟ್ಯಾಕ್ಸ್ ಎಂಜಿನ್ನುಗಳು ಮುದ್ರೆಯೊತ್ತಿ ಬರುವಂತಹವೇ. ಅದಕ್ಕಿಂತಲೂ ಅಗ್ಗವಾದುದು ಆಟೋಕ್ರಾಸ್: ಗಟ್ಟಿನೆಲದ ಮೈದಾನದಲ್ಲಿ ಗುರುತುಕಂಬಗಳನ್ನು ನೆಟ್ಟು, ಒಂದೊಂದೇ ಗಾಡಿಯನ್ನು ಗಡಿಯಾರದ ಎದುರು ಓಡಿಸುವುದು. ಒಂದು ಗಾಡಿ ಇನ್ನೊಂದಕ್ಕೆ ತಾಗುವ ಪ್ರಶ್ನೆಯಿಲ್ಲ. ದಿನವೂ ಕಾಲೇಜಿಗೆ ಬರುವ ಕಾರೇ ಸಾಕು. ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಟ್ಟುವ ‘ಫಾರ್ಮುಲಾ ಸ್ಟೂಡೆಂಟ್’ ಬಗೆಯ ಗಾಡಿಗಳಿಗೂ ಇದು ತಕ್ಕ ಅಭ್ಯಾಸ. 1981ರಲ್ಲಿ ಟೆಕ್ಸಾಸಿನಲ್ಲಿ ಆರಂಭವಾದ ಆ ಸ್ಪರ್ಧೆಯ ನಿಯಮಾವಳಿಯಲ್ಲಿ ಒಟ್ಟು 1000 ಅಂಕಗಳ ಪೈಕಿ 100 ವೆಚ್ಚದ ಲೆಕ್ಕಕ್ಕೆ ಮೀಸಲು. ಪ್ರತಿ ಬೋಲ್ಟಿಗೂ ಬೆಲೆ ಬರೆದುಕೊಡಬೇಕು. ವಾಣಿಜ್ಯ ವಿಭಾಗದ ಮಿತ್ರರೂ ತಂಡಕ್ಕೆ ಸೇರಲು ಇದೊಂದು ನೆಪ.

ಒಂದು ಖರ್ಚನ್ನು ಮಾತ್ರ ಮಿತವ್ಯಯದ ಲೆಕ್ಕಕ್ಕೆ ಸೇರಿಸತಕ್ಕದ್ದಲ್ಲ. ಹೆಲ್ಮೆಟ್ಟು, ಭುಜಪಟ್ಟಿ, ಗಾಡಿ ಮಗುಚಿದಾಗ ಚಾಲಕನನ್ನು ಕಾಯುವ ಉಕ್ಕಿನ ಪಂಜರ, ಬೆಂಕಿ ಆರಿಸುವ ಸಾಧನ, ಇವುಗಳಿಗೆ ಲೆಮನ್ಸ್ ಪಂದ್ಯಗಳಲ್ಲಿಯೂ 500 ಡಾಲರಿನ ಮಿತಿ ಅನ್ವಯಿಸುವುದಿಲ್ಲ. ಬ್ರೇಕಿಗೂ ಟೈರಿಗೂ ಅದೇ ವಿನಾಯಿತಿ. ನಮ್ಮ ಸಂಘಗಳು ಇವುಗಳನ್ನು ಒಟ್ಟಾಗಿ ಸಗಟು ಬೆಲೆಗೆ ಕೊಂಡು, ಪಂಜರವನ್ನು ಒಂದೇ ನಕ್ಷೆಯಂತೆ ಪೀಣ್ಯದಲ್ಲಿ ಮಾಡಿಸಿ, ಸದಸ್ಯರಿಗೆ ಕಂತಿನ ಮೇಲೆ ಕೊಡಬಹುದು. ಗಾಡಿಯ ತಪಾಸಣೆಯ ದಿನ ಪಂಜರದ ಬೆಸುಗೆಯನ್ನು ನೋಡುವವನು ಸ್ಪರ್ಧಿಯ ಸ್ನೇಹಿತನಾಗಿರಬಾರದು.