ಯಕ್ಷಗಾನದ ಅಭಿಮಾನಿ ಸಮಾವೇಶಗಳೂ ವಿದ್ಯಾಪೋಷಣೆಯೂ

ಯಕ್ಷಗಾನವನ್ನು ಕುರಿತ ವಿದ್ವಚ್ಚರ್ಚೆಯು ಬಹುಕಾಲ ಕವಿ ಮತ್ತು ಕೃತಿಗಳ ಸುತ್ತಲೇ ನಡೆಯಿತು. ಪಾರ್ತಿಸುಬ್ಬನ ವಿಷಯವಾಗಿ ಮುಳಿಯ ತಿಮ್ಮಪ್ಪಯ್ಯನವರೇ ಮೊದಲಾದ ಪಂಡಿತರು ಮಾಡಿದ ಪರಿಶ್ರಮವು ಸರ್ವವಿದಿತವಾಗಿದೆ. ಆದರೆ ಆಟವನ್ನು ನೋಡುವ ಜನದ ವಿಚಾರದಲ್ಲಿ ಅಷ್ಟು ಅನ್ವೇಷಣೆ ನಡೆದಂತೆ ತೋರುವುದಿಲ್ಲ. ಆ ಜನವೇ ಇತ್ತೀಚಿನ ಅರ್ಧ ಶತಮಾನದಲ್ಲಿ ಸಂಘ ಕಟ್ಟಿ, ವರ್ಷಕ್ಕೊಮ್ಮೆ ನೆರೆದು, ಹಣ ಕೂಡಿಸಿ, ಅದರಲ್ಲೊಂದು ಪಾಲನ್ನು ಮಕ್ಕಳ ವಿದ್ಯೆಗೆ ಮೀಸಲಿಟ್ಟಿರುವುದು ವಿಚಾರಾರ್ಹವಾದ ಸಂಗತಿಯಾಗಿದೆ.

ಇದರ ಮೂಲವನ್ನು ಕಕ್ಕಿಂಜೆಯಂತಹ ಊರಿನಲ್ಲಿ ಅರಸುವುದು ಯುಕ್ತ. ಬೆಳ್ತಂಗಡಿ ತಾಲೂಕಿನ ಉಜಿರೆಯಿಂದ ಚಾರ್ಮಾಡಿ ಘಟ್ಟದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಮುಂಡಾಜೆಯನ್ನು ದಾಟಿದ ಮೇಲೆ ಸಿಗುವ ಪೇಟೆಯಿದು. ಈ ಸೀಮೆಯ ಮನೆಮಾತು ತುಳು, ಬ್ಯಾರಿ, ಕೊಂಕಣಿ. ಮುಂಡಾಜೆಯ ಚಿತ್ಪಾವನ ಮನೆಗಳಲ್ಲಿ ಮತ್ತೊಂದು. ಕನ್ನಡವು ಬಹುಮಂದಿಗೆ ಶಾಲೆಯಲ್ಲಿ ಕಲಿತ ಭಾಷೆ. ಶಾಲೆಯಿಂದ ಹೊರಗೆ ಪ್ರೌಢವಾದ ಕನ್ನಡವು ಕಿವಿಗೆ ಬೀಳುತ್ತಿದ್ದ ಮುಖ್ಯ ಸ್ಥಾನವೆಂದರೆ ಗದ್ದೆಯಲ್ಲಿ ನಡೆಯುವ ಬಯಲಾಟವೇ. ಧರ್ಮಸ್ಥಳ ಮೇಳದ ಹರಕೆಯಾಟಗಳನ್ನು ನೋಡುತ್ತ ಬೆಳೆದವರಿಗೆ, ಓದು ಬರಹ ಬಾರದಿದ್ದರೂ, ಕರ್ಣಾರ್ಜುನರ ವಾಗ್ವಾದವು ಪರಿಚಿತವಾಗಿದ್ದಿತು. ಅರ್ಥಗಾರಿಕೆಯಲ್ಲಿ ಇಂಗ್ಲಿಷ್ ಪದವು ನುಸುಳಿದರೆ ಇಂದಿಗೂ ಸಭೆಯು ಅದನ್ನು ದೋಷವೆಂದೇ ಎಣಿಸುತ್ತದೆ.

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಟಿಕೇಟು ಇಟ್ಟು ಆಡುವ ಡೇರೆ ಮೇಳಗಳು ತಲೆಯೆತ್ತಿದ ಮೇಲೆ ಅಭಿಮಾನಿಗೆ ಹೊಸದೊಂದು ಅವಕಾಶ ದೊರೆಯಿತು. ಊರಿನ ಸಮಿತಿಯು ಒಂದು ರಾತ್ರಿಯ ಆಟವನ್ನು ಗೊತ್ತಾದ ಮೊತ್ತಕ್ಕೆ ಯಜಮಾನನಿಂದ ವಹಿಸಿಕೊಳ್ಳುವುದು, ಟಿಕೇಟನ್ನು ತಾನೇ ಮಾರುವುದು, ಉಳಿದ ಹಣವನ್ನು ಶಾಲೆಯ ಕಟ್ಟಡಕ್ಕೋ ಯುವಕ ಮಂಡಲಕ್ಕೋ ಸಲ್ಲಿಸುವುದು. ಇದನ್ನೇ ಸಹಾಯಾರ್ಥ ಆಟವೆಂದು ಕರೆದರು. ಮಳೆ ಬಂದರೆ, ಅಥವಾ ಅದೇ ರಾತ್ರಿ ನೆರೆಯೂರಿನಲ್ಲಿ ಬೇರೊಂದು ಮೇಳ ಬಂದರೆ, ನಷ್ಟವು ಸಮಿತಿಯವರ ಕೈಗೇ ಬರುತ್ತಿದ್ದಿತು. ಒಂದು ರಾತ್ರಿಯ ಗಳಿಕೆಯಿಂದ ಒಂದು ಗೋಡೆ ಏಳಬಹುದು. ಒಬ್ಬ ಬಡ ಹುಡುಗನನ್ನು ವರ್ಷಗಟ್ಟಲೆ ಓದಿಸುವುದಕ್ಕೆ ಇಂತಹ ಏರ್ಪಾಡು ಸಾಲದು.

ಆ ಕೊರತೆಯನ್ನು ತುಂಬಿದುದು ಸ್ಥಿರವಾದ ಸಂಘ. 1975ರಲ್ಲಿ ಉಡುಪಿಯಲ್ಲಿ ಸ್ಥಾಪಿತವಾದ ಯಕ್ಷಗಾನ ಕಲಾರಂಗವು ಮೊದಲಿಗೆ ಕಲಾಭಿಮಾನಿಗಳ ಕೂಟವೇ. ಕಲಾವಿದರ ಕಷ್ಟಕ್ಕೆಂದು ಯಕ್ಷನಿಧಿಯನ್ನು ನಡೆಯಿಸಿದ ಈ ಸಂಸ್ಥೆಯು 2005ರಲ್ಲಿ ‘ವಿದ್ಯಾಪೋಷಕ್’ ಎಂಬ ಯೋಜನೆಯನ್ನು ಆರಂಭಿಸಿತು. ಪ್ರತಿಭೆಯಿದ್ದು ಧನವಿಲ್ಲದ ವಿದ್ಯಾರ್ಥಿಗಳಿಗೆ ಇದರಿಂದ ನೆರವು ದೊರೆಯುತ್ತದೆ. ಇಲ್ಲಿ ವಿಶೇಷವಾಗಿ ಗಮನಿಸತಕ್ಕುದು ಆಯ್ಕೆಯ ಕ್ರಮ: ಕಾರ್ಯಕರ್ತರು ವಿದ್ಯಾರ್ಥಿಯ ಮನೆಗೇ ಹೋಗಿ ಸ್ಥಿತಿಯನ್ನು ಕಂಡು ಬರುತ್ತಾರೆ. ಕಂಡದ್ದರ ಫಲವಾಗಿ ಕೆಲವು ಕುಟುಂಬಗಳಿಗೆ ಮನೆಯನ್ನು ಸಹ ಕಟ್ಟಿಸಿಕೊಟ್ಟದ್ದುಂಟು. ಮಾಡಿನ ಕೆಳಗೆ ದೀಪವಿಲ್ಲದಲ್ಲಿ ಪುಸ್ತಕವನ್ನಷ್ಟೇ ಕೊಟ್ಟು ಪ್ರಯೋಜನವೇನು? ಯಕ್ಷಗಾನವನ್ನು ಕಲಿತವನಾಗಿರಬೇಕೆಂಬ ನಿರ್ಬಂಧವು ಈ ನೆರವಿಗೆ ಇಲ್ಲ.

2015ರಲ್ಲಿ ಭಾಗವತ ಪಟ್ಲ ಸತೀಶ ಶೆಟ್ಟಿಯವರ ಹೆಸರಿನಲ್ಲಿ ಹುಟ್ಟಿದ ಯಕ್ಷಧ್ರುವ ಪಟ್ಲ ಫೌಂಡೇಶನ್ನಿನ ಬಗೆ ಬೇರೆ. ಇಲ್ಲಿ ಒಬ್ಬ ಗಾಯಕನ ಕಂಠಕ್ಕೆ ಒಲಿದ ಜನವೇ ಬಂಡವಾಳ. ಮಂಗಳೂರಿನ ಹೊರವಲಯದ ಅಡ್ಯಾರಿನಲ್ಲಿ ನಡೆದು ಬಂದಿರುವ ‘ಪಟ್ಲ ಸಂಭ್ರಮ’ಕ್ಕೆ ಊರೂರಿನಿಂದಲೂ ಮುಂಬಯಿಯಿಂದಲೂ ಅಭಿಮಾನಿಗಳು ನೆರೆಯುತ್ತಾರೆ. ಕಲಾವಿದರ ಚಿಕಿತ್ಸೆ, ಮನೆ ಮೊದಲಾದುವುಗಳ ಜತೆಗೆ ಶಾಲೆಗಳಲ್ಲಿ ಉಚಿತವಾಗಿ ಯಕ್ಷಗಾನವನ್ನು ಕಲಿಸುವ ಕಾರ್ಯವನ್ನೂ ಈ ಸಂಸ್ಥೆಯು ಕೈಗೊಂಡಿತು. ಸಮಾವೇಶದ ಕಾಲವು ಮೇಳಗಳ ಪಂಚಾಂಗಕ್ಕೆ ಹೊಂದಿಕೊಂಡಿದೆ. ತುಳುವರ ಬೇಶ ತಿಂಗಳ ಹತ್ತರಂದು, ಎಂದರೆ ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ, ಪತ್ತನಾಜೆ. ಅಂದಿಗೆ ತಿರುಗಾಟ ಮುಗಿದು ಗೆಜ್ಜೆ ಬಿಚ್ಚುತ್ತಾರೆ. ಬೇರೆ ಬೇರೆ ಮೇಳದ ಕಲಾವಿದರು ಒಂದೆಡೆ ಸೇರಬಲ್ಲ ದಿನಗಳು ಅವೇ. ಶಾಲೆ ತೆರೆಯುವ, ಶುಲ್ಕ ತೆರಬೇಕಾದ ದಿನಗಳೂ ಅವೇ.

ಶಾಲೆಯಲ್ಲಿ ಯಕ್ಷಗಾನವನ್ನು ಕಲಿಸುವುದರಿಂದ ಭಾಷೆಗೆ ಆಗುವ ಪ್ರಯೋಜನವು ಸಾಹಿತ್ಯಾಧ್ಯಾಪಕರಿಗೆ ಮುಖ್ಯವಾದುದು. ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಆಡುವ ಬಾಲಕನು ‘ಎಲವೋ’, ‘ಭಳಿರೇ’ ಎಂಬಲ್ಲಿಂದ ತೊಡಗಿ ದೀರ್ಘವಾದ ಸಮಾಸಗಳನ್ನು ಉಸಿರು ತಪ್ಪದೆ ನುಡಿಯಲು ಕಲಿಯುತ್ತಾನೆ. ಅಲ್ಪಪ್ರಾಣ ಮಹಾಪ್ರಾಣಗಳ ಭೇದವು ವ್ಯಾಕರಣದ ಪಾಠಕ್ಕಿಂತ ಬೇಗ ನಾಲಗೆಗೆ ಹತ್ತುತ್ತದೆ. ಆದರೆ ಒಂದು ಆಕ್ಷೇಪವನ್ನು ಮುಚ್ಚಿಡುವಂತಿಲ್ಲ. ಅರ್ಥಗಾರಿಕೆಯ ಜೀವವು ಆಶುತ್ವದಲ್ಲಿದೆ. ಪದ್ಯವೊಂದೇ ನಿಶ್ಚಿತ, ಮಾತು ಆ ರಾತ್ರಿಯದು. ಮಕ್ಕಳಿಗೆ ಕೆಲವೇ ತಿಂಗಳಲ್ಲಿ ಪ್ರದರ್ಶನವನ್ನು ಸಿದ್ಧಗೊಳಿಸಬೇಕಾದಾಗ ಗುರುವು ಮಾತನ್ನು ಬರೆದುಕೊಡುತ್ತಾನೆ, ಶಿಷ್ಯನು ಉರು ಹೊಡೆಯುತ್ತಾನೆ. ನೆರೆದ ತಾಯ್ತಂದೆಗಳಿಗೂ ದಾನಿಗಳಿಗೂ ತಪ್ಪಿಲ್ಲದ ವೇಷವೇ ಬೇಕು. ಅಭಿಮಾನಿಯ ಹಣವು ಅಭಿಮಾನಿಯ ರುಚಿಯನ್ನೂ ಹೊತ್ತು ತರುತ್ತದೆ: ಹಾಡಿಗೂ ಕುಣಿತಕ್ಕೂ ಚಪ್ಪಾಳೆ ಬೀಳುವಷ್ಟು ಮಾತಿಗೆ ಬೀಳದು.

1970ರ ದಶಕದಲ್ಲಿ ಧರ್ಮಸ್ಥಳದ ಲಲಿತಕಲಾ ಕೇಂದ್ರದಲ್ಲಿ ಕುರಿಯ ವಿಠಲ ಶಾಸ್ತ್ರಿಗಳು, ಪಡ್ರೆ ಚಂದು ಅವರಂತಹವರು ಪಾಠ ಹೇಳಿದಾಗ ಕಲಿತವರು ಮೇಳಕ್ಕೆ ಹೋಗುವವರಾಗಿದ್ದರು. ಉಳಿದುದನ್ನು ರಂಗವೇ ಕಲಿಸುತ್ತಿದ್ದಿತು. ಈಗಿನ ಶಾಲಾಬಾಲಕರಲ್ಲಿ ಮೇಳ ಸೇರುವವರು ವಿರಳ. ಅವರ ಪಾಲಿಗೆ ಬರೆದುಕೊಟ್ಟ ಮಾತನ್ನು ಬದಿಗಿಟ್ಟು ಅದೇ ಪದ್ಯಕ್ಕೆ ತಾನೇ ಅರ್ಥ ಹೇಳುವ ಒಂದು ಗಂಟೆಯು ತರಗತಿಯಲ್ಲಿಯೇ ದೊರೆಯಬೇಕಾಗಿದೆ, ಮತ್ತು ಅದನ್ನು ನಡೆಯಿಸಬಲ್ಲವನು ಹೆಜ್ಜೆ ಕಲಿಸುವ ಗುರುವಿಗಿಂತಲೂ ಕನ್ನಡದ ಅಧ್ಯಾಪಕನು.